ಬೆಂಕಿ ಮುಟ್ಟದ ನೀರು

ನಮ್ಮ ಮನೆಯಲ್ಲಿ ಕುಡಿಯುವ ನೀರು ಕಾಯಿಸುವ ಕೆಲಸ ನನ್ನದು. ಅದನ್ನು ನಾನು ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ನನ್ನ ಗಂಡನ ಎರಡೂ ಕಿಡ್ನಿ ಕೈಕೊಟ್ಟಾಗ ಅವರ ತಾಯಿ, ಅಂದರೆ ನಮ್ಮ ಅತ್ತೆ, ತಮ್ಮದೊಂದನ್ನು ಕೊಟ್ಟರು. ಆಪರೇಷನ್ ಮುಗಿದ ಮೇಲೆ ಬೆಳಗಾವಿಯ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಿದರು. ಹೊಸ ಕಿಡ್ನಿಯನ್ನು ಮೈ ಹೊರಗೆ ತಳ್ಳದಿರಲಿ ಎಂದು ಕೊಡುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತವೆಯಂತೆ. ಬೇರೆಯವರಿಗೆ ನಾಲ್ಕು ಸಲ ಹೊಟ್ಟೆ ಕೆಡಿಸಿ ಬಿಟ್ಟುಹೋಗುವ ನೀರು ಇವರ ಕಿಡ್ನಿಯನ್ನೇ ಹೊತ್ತುಕೊಂಡು ಹೋಗಬಹುದಂತೆ. ಆ ಮಾತು ಅವತ್ತು ಎದೆಯಲ್ಲಿ ಕೂತದ್ದು ಇನ್ನೂ ಎದ್ದಿಲ್ಲ.

ಅಲ್ಲಿಂದ ಮುಂದೆ ನಾನು ಮದುವೆಗೆ ಹೋದರೂ ಚೀಲದಲ್ಲಿ ಕುದಿಸಿ ಆರಿಸಿದ ನೀರಿನ ಬಾಟಲಿ. ಬೀಗರ ಮನೆಯಲ್ಲಿ ಮಜ್ಜಿಗೆ ಕೊಟ್ಟರೆ ಇವರ ಕೈಯಿಂದ ಲೋಟ ಕಸಿದುಕೊಳ್ಳುತ್ತಿದ್ದೆ. ಮಂದಿ ಏನಾದರೂ ಅಂದುಕೊಳ್ಳಲಿ, ನನ್ನ ಬಾಯಿ ಮೊದಲೇ ಜೋರು. "ನಮ್ಮ ಹೇಂತಿ ನೀರಿನ ಪೊಲೀಸ್ ಅದಾಳ್ರಿ, ಆಕಿ ಪರ್ಮಿಶನ್ ಇಲ್ದ ನಾ ಬಾಯಿ ತೆರಿಯಂಗಿಲ್ಲ" ಎಂದು ಇವರು ಎಲ್ಲರೆದುರು ನಗಾಡುತ್ತಿದ್ದರು. ನಾನೂ ನಗುತ್ತಿದ್ದೆ, ಲೋಟ ಮಾತ್ರ ಬಿಡುತ್ತಿರಲಿಲ್ಲ.

ನಮ್ಮದು ಮೂಡಲಗಿ ತಾಲ್ಲೂಕಿನ, ಘಟಪ್ರಭೆಯ ದಂಡೆಯ ಊರು. ಆ ಮಳೆಗಾಲದಲ್ಲಿ ಡ್ಯಾಮು ತುಂಬಿ ನೀರು ಬಿಟ್ಟರು. ಮೈಕು ಕಟ್ಟಿಕೊಂಡ ಆಟೋ ಓಣಿ ಓಣಿ ತಿರುಗಿ, "ನದಿ ದಂಡಿ ಮಂದಿ ದನಾ ಕರಾ ಹೊಡಕೊಂಡು ಮ್ಯಾಲಕ್ಕ ಹೋಗ್ರಿ" ಎಂದು ಕೂಗಿತು. ನಾನು ಮೊದಲು ಇವರ ಗುಳಿಗೆಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ ಪ್ಲಾಸ್ಟಿಕ್ ಸುತ್ತಿದೆ, ಆಮೇಲೆ ನೀರಿನ ಕ್ಯಾನುಗಳನ್ನು ಎತ್ತಿದೆ. ಅತ್ತೆ ದೇವರ ಕೋಣೆಯ ಜಗಲಿಯ ಮೇಲಿನ ದೇವರನ್ನು ಬುಟ್ಟಿಯಲ್ಲಿಟ್ಟುಕೊಂಡು ಸೆರಗು ಮುಚ್ಚಿ ಟ್ರ್ಯಾಕ್ಟರ್ ಹತ್ತಿದರು. ಎತ್ತರದ ಹೊಲದಲ್ಲಿ ನಮ್ಮ ದಾಯಾದಿಗಳ ಬೆಲ್ಲದ ಗಾಣವಿತ್ತು. ಹಂಗಾಮು ಇರಲಿಲ್ಲವಾದ್ದರಿಂದ ತಗಡಿನ ಆ ಚಪ್ಪರ ಖಾಲಿ ಬಿದ್ದಿತ್ತು. ನಾವು ಮೂವರೂ ಅಲ್ಲಿ ಬಿಡಾರ ಹೂಡಿದೆವು.

ಅಲ್ಲಿಂದ ಕೆಳಗೆ ನೋಡಿದರೆ ಊರಿರಲಿಲ್ಲ. ಶಾಲೆಯ ಮೇಲಿನ ನೀರಿನ ಟಾಕಿ, ಒಂದಿಷ್ಟು ತೆಂಗಿನ ತಲೆಗಳು, ಉಳಿದದ್ದೆಲ್ಲ ಕೆಂಪು ನೀರು. ಏನೇನೋ ತೇಲಿ ಹೋಗುತ್ತಿತ್ತು. ಒಮ್ಮೆ ಹೊಟ್ಟೆ ಉಬ್ಬಿದ ಎಮ್ಮೆಯೊಂದು ಕಾಲು ಮೇಲೆ ಮಾಡಿಕೊಂಡು ನಿಧಾನಕ್ಕೆ ತಿರುಗುತ್ತ ಹೋಯಿತು. ನಾವು ಕುಡಿಯಬೇಕಾದದ್ದೂ ಅದೇ ನೀರಿನ ಬಳಗವಲ್ಲವೇ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ಕ್ಯಾನಿನ ನೀರು ಬೇಗನೆ ಮುಗಿಯಿತು. ಕರೆಂಟಿಲ್ಲ, ಬೋರು ಬಂದ್. ತಗಡಿನ ಮೇಲಿನ ಮಳೆನೀರು ಹಿಡಿದರೆ ವರ್ಷಗಟ್ಟಲೆ ಕೂತ ಗಾಣದ ಮಸಿಯೆಲ್ಲ ಇಳಿದು ಬಂತು. ಉಳಿದದ್ದು ಹೊಲದ ಬಾವಿಯೊಂದೇ. ಅದೂ ಬಾಯಿಮಟ್ಟ ಬಂದು ಚಹಾದ ಬಣ್ಣಕ್ಕೆ ತಿರುಗಿತ್ತು. ಅತ್ತೆ ಅದಕ್ಕೆ ಪಟಿಕ ತಿರುವಿ ಇಡುತ್ತಿದ್ದರು. ಕೆಸರು ತಳಕ್ಕೆ ಕೂತ ಮೇಲೆ ನಾನು ಹಳೆಯ ಧೋತರವನ್ನು ಮಡಚಿ ಸೋಸಿ, ಬೋಗುಣಿಯಲ್ಲಿ ಒಲೆಯ ಮೇಲಿಡುತ್ತಿದ್ದೆ. ಉರುವಲೆಂದರೆ ಗಾಣದ ಮೂಲೆಯಿಂದ ಅತ್ತೆ ಹೊತ್ತು ತರುತ್ತಿದ್ದ ಒಣಗಿದ ಕಬ್ಬಿನ ಎಲೆ, ಅಂದರೆ ರವದಿ. ಅದು ಭಗ್ಗೆಂದು ಹೊತ್ತಿ ಅಷ್ಟೇ ಬೇಗ ಬೂದಿಯಾಗುತ್ತದೆ. ಕುದಿ ನಿಲ್ಲದಂತೆ ಒಲೆಯ ಮುಂದಿನಿಂದ ಏಳದೆ ಹಾಕುತ್ತಲೇ ಇರಬೇಕು. ಹೊಗೆಗೆ ನನ್ನ ಕಣ್ಣು ಕೆಂಡವಾಗಿದ್ದವು.

ಇವರ ಗಂಗಾಳ, ಲೋಟ ಎಲ್ಲವನ್ನೂ ಕುದಿಸಿದ ನೀರಿನಲ್ಲೇ ತೊಳೆಯುತ್ತಿದ್ದೆ. "ಬಾಯಿ ಗಟ್ಟಿ ಮುಚ್ಕೊಂಡು ಜಳಕಾ ಮಾಡ್ರಿ" ಎಂದು ಮುಂದೆಯೇ ನಿಂತು ನೋಡುತ್ತಿದ್ದೆ. "ಮೂಗಾದ್ರೂ ತೆರಿಲ್ಯೋ ಬ್ಯಾಡೋ?" ಎಂದರು ಇವರು. ನಗು ಬಂದರೂ ನಾನು ಅಲ್ಲಿಂದ ಕದಲಲಿಲ್ಲ. ಇಷ್ಟೆಲ್ಲ ಕಾದಿದ್ದೇನೆ, ಇನ್ನು ಯಾವ ಕಡೆಯಿಂದಲೂ ಕೆಟ್ಟ ನೀರು ಇವರ ಹೊಟ್ಟೆಗೆ ಇಳಿಯಲಾರದು ಎಂದು ನಂಬಿದ್ದೆ.

ಒಂದು ಬೆಳಿಗ್ಗೆ ಹೊಗೆ ತಾಳದೆ ಎದ್ದು ಗಾಣದ ಹಿಂಬದಿಗೆ ಹೋದೆ. ಅತ್ತೆ ಬೆಲ್ಲ ಹಾಕುವ ಬಕೆಟೊಂದನ್ನು ಡಬ್ಬು ಹಾಕಿ, ಅದರ ಮೇಲೆ ದೇವರನ್ನಿಟ್ಟು ಪೂಜೆ ಮುಗಿಸಿದ್ದರು. ಇವರು ವಿಭೂತಿ ಹಚ್ಚಿಕೊಂಡು ಬಲಗೈ ಬೊಗಸೆ ಮಾಡಿ ನಿಂತಿದ್ದರು. ಅತ್ತೆ ತಾಮ್ರದ ಗಿಂಡಿಯಿಂದ ತೀರ್ಥ ಹಾಕಿದರು. ಇವರು ಕುಡಿದು, ಒದ್ದೆ ಕೈಯನ್ನು ಕಣ್ಣಿಗೂ ತಲೆಗೂ ಒತ್ತಿಕೊಂಡರು. ಮದುವೆಯಾಗಿ ಬಂದಾಗಿನಿಂದ ದಿನಾ ನೋಡಿದ್ದೇ. ಅದಕ್ಕೇ ಇರಬೇಕು, ಮೊದಲಿಗೆ ಅದರಲ್ಲಿ ನನಗೇನೂ ಕಾಣಲಿಲ್ಲ. ಆಮೇಲೆ ದೇವರ ತಟ್ಟೆಯಲ್ಲಿ ನಿಂತ ನೀರು ಕಣ್ಣಿಗೆ ಬಿತ್ತು. ಅದಕ್ಕೆ ನಸುಗೆಂಪು ಬಣ್ಣವಿತ್ತು.

"ಅತ್ತಿ, ಆ ನೀರು ಎಲ್ಲೀದ್ರಿ?" ಎಂದೆ.

"ಬಾವೀದವ್ವ. ನಸುಕಿನ್ಯಾಗ ಎದ್ದು ಮೀಸಲ ನೀರು ತಂದೀನಿ. ಪಟಿಕಾ ಹಾಕಿ ಸೋಸೀನಿ."

"ಕುದಿಸಿಲ್ಲೇನ್ರಿ?"

"ದೇವರ ನೀರಿಗೆ ಬೆಂಕಿ ಮುಟ್ಟಸ್ತಾರೇನ, ತಂಗಿ?" ಎಂದರು ಅತ್ತೆ, ಸಣ್ಣ ಹುಡುಗಿಗೆ ತಿಳಿಹೇಳುವಂತೆ.

ಅದು ಅವರ ತವರಿನ ರೀತಿ. ದೇವರ ನೀರನ್ನು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತುಂಬಿ ಮೀಸಲು ಇಡಬೇಕು, ಒಲೆಗೆ ಏರಿಸಬಾರದು. ಊರಲ್ಲಿ ಆ ಮೀಸಲು ಕೊಡವನ್ನು ಶುದ್ಧ ನೀರಿನ ಘಟಕದಿಂದ ತುಂಬುತ್ತಿದ್ದರು. ಅದು ಮಷಿನ್ನಿನಲ್ಲಿ ಸೋಸಿ ಬಂದ ನೀರು, ಅಂಗೈಯಷ್ಟು ಕುಡಿದರೆ ನನಗೆ ಚಿಂತೆಯಿರಲಿಲ್ಲ. ಅವರ ರೀತಿಗೂ ನನ್ನ ಕಾನೂನಿಗೂ ಅಲ್ಲಿ ಎಂದೂ ಜಗಳ ಬಿದ್ದಿರಲಿಲ್ಲ. ಬಾವಿಗೆ ಬಂದ ಮೇಲೂ ಅವರು ತಮ್ಮ ರೀತಿ ಬಿಟ್ಟಿರಲಿಲ್ಲ, ಅಷ್ಟೇ. ತೀರ್ಥವೂ ನೀರೇ ಎಂದು ಅವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

"ಎಂದಿಂದ ಕೊಡಾಕತ್ತೀರಿ?" ಎಂದು ಕೇಳಿದೆ.

"ಇಲ್ಲಿ ಬಂದಾಗಿಂದ. ದಿನಾ ಕೊಡೂದ ಅಲ್ಲೇನು?"

ನಾನು ಗಿಂಡಿ ಕಿತ್ತುಕೊಂಡು ನೀರನ್ನು ಮಳೆಯಲ್ಲಿ ಚೆಲ್ಲಿದೆ. "ಮಗನ್ನ ಉಳಿಸಿದಾವ್ರೂ ನೀವ, ಕೊಲ್ಲಾವ್ರೂ ನೀವೇನ್ರಿ?" ಎಂದುಬಿಟ್ಟೆ. ಸಿಟ್ಟಿನ ಕೆಳಗೆ ಇದ್ದದ್ದು ಬರೀ ಹೆದರಿಕೆ. ಆದರೆ ಬಾಯಿಂದ ಹೊರಟದ್ದು ಈ ಮಾತು.

ಅತ್ತೆಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ತಟ್ಟೆಯಲ್ಲಿ ಉಳಿದಿದ್ದ ನೀರನ್ನು ತಾವೇ ಎತ್ತಿ ಮಳೆಗೆ ಚೆಲ್ಲಿದರು. ನಾನು ಇವರ ಕಡೆ ತಿರುಗಿದೆ.

"ಅತ್ತೀಗಿ ತಿಳೀಲಿಲ್ಲ. ನಿಮಗರೆ ಗೊತ್ತಿತ್ತಲ್ರಿ, ಅದು ಬಾವಿ ನೀರಂತ?"

"ಗೊತ್ತಿತ್ತು."

"ಮತ್ತ ಯಾಕ ಕುಡದ್ರಿ?"

ಇವರು ತಾಯಿಯ ಕಡೆ ನೋಡಲಿಲ್ಲ. "ಕಿಡ್ನಿ ಕೊಟ್ಟಾಕಿ ಒಂದ ಬೊಗಸಿ ನೀರ ಕೊಟ್ರ, ಒಲ್ಲೆ ಅಂತ ಹೆಂಗ ಅನ್ಲಿ ನಾ? ನೀನ ಹೇಳು" ಎಂದರು.

ನಾನು ಹೋಗಿ ಕೂತು, ಆರಿಹೋಗಿದ್ದ ಒಲೆಗೆ ಮತ್ತೆ ರವದಿ ತುರುಕಿದೆ. ಬೋಗುಣಿಯ ನೀರು ಮತ್ತೆ ಕೊತಕೊತ ಕುದಿಯತೊಡಗಿತು.

ಆಮೇಲಿನದು ಬರೀ ಕಾಯುವುದು. ಇವರು ಬಯಲಿಗೆ ಹೋದರೆ ಬರುವ ತನಕ ಕಬ್ಬಿನ ಸಾಲು ನೋಡುತ್ತ ನಿಲ್ಲುತ್ತಿದ್ದೆ. ಹಾಸಿಗೆ ಸರಿಮಾಡುವ ನೆಪದಲ್ಲಿ ಹಣೆ ಮುಟ್ಟುತ್ತಿದ್ದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ನನ್ನ ಕೈಗೆ ಬಿಸಿ ತಗುಲಿತೋ ಇಲ್ಲವೋ ಎಂದು ಅಲ್ಲೇ ಓದಿಕೊಳ್ಳುವವರಂತೆ. ಮರುದಿನ ಮಧ್ಯಾಹ್ನ ಇವರು ಊಟ ಬೇಡವೆಂದು ಮಗ್ಗುಲಾದರು. ಹೊಟ್ಟೆ ಹಿಡಿದುಕೊಂಡಿದ್ದರು. ಹಣೆ ಸುಡುತ್ತಿತ್ತು. ಸಂಜೆಯೊಳಗೆ ಬಯಲಿಗೆ ಹೋಗಿ ಬರುವ ತ್ರಾಣವೂ ಉಳಿಯಲಿಲ್ಲ.

ಬೆಳಗಾವಿಯ ಆಸ್ಪತ್ರೆಗೆ ಹೋಗೋಣವೆಂದರೆ ಗೋಕಾಕದ ದಾರಿಯ ಸೇತುವೆ ಮುಳುಗಿತ್ತು. ನನ್ನ ತವರು ಹುಕ್ಕೇರಿ, ಫೋನು ಮಾಡಿದೊಡನೆ ಅಲ್ಲಿಂದ ನಮ್ಮಣ್ಣ ಜೀಪು ತಂದು ಮೇಲಿನ ಡಾಂಬರು ರಸ್ತೆಯಲ್ಲಿ ನಿಂತ. ಅಲ್ಲಿಯ ತನಕ ಟ್ರ್ಯಾಕ್ಟರು. ಊರು ಬಿಡುವಾಗ ಎಲ್ಲ ಬಿಟ್ಟು ದೇವರನ್ನು ಎತ್ತಿಕೊಂಡಿದ್ದ ಅತ್ತೆ, ಈಗ ಆ ದೇವರನ್ನು ಬಕೆಟಿನ ಮೇಲೆಯೇ ಬಿಟ್ಟು ಹಿಂದಿರುಗಿ ನೋಡದೆ ಬಂದರು. ಹೊಳೆಯನ್ನು ಬಳಸಿಕೊಂಡು ಹುಕ್ಕೇರಿ ಮೇಲೆ ಹೈವೇ ಹಿಡಿದೆವು. ನನ್ನ ಮಡಿಲಲ್ಲಿ ಇವರ ತಲೆ, ಕಾಲ ಹತ್ತಿರ ಕುದಿಸಿದ ನೀರಿನ ಕ್ಯಾನು. ಸಕ್ಕರೆ, ಉಪ್ಪು ಕಲಸಿದ ನೀರನ್ನು ಚಮಚದಲ್ಲಿ ಬಾಯಿಗೆ ಹಾಕುತ್ತಿದ್ದೆ, ಅರ್ಧ ಹೊರಗೇ ಬರುತ್ತಿತ್ತು. ಯಮಕನಮರಡಿ ಹತ್ತಿರ ಹೊಳೆ ದಾಟುವಾಗ ನೀರು ಸೇತುವೆಯ ಕೆಳಗೇ ಭೋರ್ಗರೆಯುತ್ತಿತ್ತು. ಮುಂದಿನ ಸೀಟಿನಲ್ಲಿದ್ದ ಅತ್ತೆಯ ತಲೆ ಒಮ್ಮೆಯೂ ಹಿಂದಕ್ಕೆ ತಿರುಗಲಿಲ್ಲ. ತಿರುಗುವ ಧೈರ್ಯ ಅವರಿಗಿರಲಿಲ್ಲ ಎಂದು ಈಗ ಅನಿಸುತ್ತದೆ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸಲಾಯಿನ್ ಏರಿಸಿದರು. ಡಾಕ್ಟರು ರಿಪೋರ್ಟ್ ನೋಡಿ, "ಕಿಡ್ನಿಗೆ ಪೆಟ್ಟು ಬಿದ್ದೈತಿ. ತಡಕೊಂತೈತೋ ಇಲ್ಲೋ ಈಗ ಹೇಳಾಕ ಬರೂದಿಲ್ಲ" ಎಂದರು. ನನ್ನ ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದು ಕೈ ಮುಗಿದರು.

"ಸಾಹೇಬ್ರ, ನನ್ನ ಕಡೆ ಇನ್ನೊಂದ ಐತ್ರಿ. ಅದನ್ನೂ ತಗೋರಿ."

ಡಾಕ್ಟರು ಕೈಯಲ್ಲಿದ್ದ ಕಾಗದವನ್ನು ಕೆಳಗಿಟ್ಟರು. "ಹಂಗ ಬರೂದಿಲ್ರಿ ಅಮ್ಮಾ. ಅದು ನಿಮಗ ಬೇಕು" ಎಂದರು.

"ನನಗ್ಯಾತಕ್ರಿ?" ಎಂದರು ಅತ್ತೆ. ಅದು ಹಟವೂ ಅಲ್ಲ, ಅಳುವೂ ಅಲ್ಲ. ಅವರು ನಿಜವಾಗಿ ಕೇಳುತ್ತಿದ್ದರು.

ಆಗ ನನಗೆ ಹೊಳೆಯಿತು. ಈ ಹೆಣ್ಣುಮಗಳಿಗೂ ಇರುವುದು ಒಂದೇ. ಅದೇ ಬಾವಿಯ ನೀರು, ಅದೇ ತೀರ್ಥ, ಇವರಿಗಿಂತ ಮೊದಲು ಅವರ ಹೊಟ್ಟೆಗೆ ಹೋಗಿದೆ. ನನ್ನ ಕುದಿಯುವ ಬೋಗುಣಿಯ ಲೆಕ್ಕದಲ್ಲಿ ಅವರು ಒಮ್ಮೆಯೂ ಬಂದಿರಲಿಲ್ಲ. "ನಮ್ಮ ಅತ್ತೀದೂ ರಕ್ತಾ ನೋಡ್ರಿ, ಮೊದಲ ನೋಡ್ರಿ" ಎಂದು ನಾನು ಡಾಕ್ಟರ ತೋಳು ಹಿಡಿದೆ. ಅತ್ತೆಯ ರಿಪೋರ್ಟ್ ಬರುವ ತನಕ ನಾನು ಅತ್ತೆಯ ಕೈ ಬಿಡಲಿಲ್ಲ. ಕೊಲ್ಲುತ್ತೀರೇನು ಎಂದು ನಾನೇ ಅಂದ ಕೈ ಅದು, ರವದಿ ತರಚಿ ತರಚಿ ಒರಟಾಗಿತ್ತು.

ಅತ್ತೆಗೆ ಏನೂ ಆಗಿರಲಿಲ್ಲ. ಇವರ ಕಿಡ್ನಿಯೂ ತಡೆದುಕೊಂಡಿತು, ಆದರೆ ಬಹಳ ಸತಾಯಿಸಿ ತಡೆದುಕೊಂಡಿತು. ದಿನಾ ರಿಪೋರ್ಟ್ ಬರುವ ಹೊತ್ತಿಗೆ ನಾನೂ ಅತ್ತೆಯೂ ಒಬ್ಬರನ್ನೊಬ್ಬರು ನೋಡದೆ ಬಾಗಿಲ ಕಡೆ ನೋಡುತ್ತ ಕೂತಿರುತ್ತಿದ್ದೆವು. ಇನ್ನೊಮ್ಮೆ ಹೀಗಾದರೆ ಉಳಿಯಲಾರದು ಎಂದು ಹೇಳಿಯೇ ಡಾಕ್ಟರು ಮನೆಗೆ ಕಳಿಸಿದರು.

ಊರಿಗೆ ಬಂದು ಕೆಸರು ಬಳಿದು, ಜಗಲಿ ತೊಳೆದು, ಗಾಣದಿಂದ ದೇವರನ್ನು ತಂದಿಟ್ಟೆವು. ಅತ್ತೆ ಪೂಜೆ ಮಾಡುತ್ತಿದ್ದರು, ತೀರ್ಥವನ್ನು ಮಾತ್ರ ಯಾರಿಗೂ ಕೊಡದೆ ತುಳಸಿ ಬುಡಕ್ಕೆ ಹಾಕಿ ಬರುತ್ತಿದ್ದರು. ಕಡೆಗೆ ಇವರೇ ಒಂದು ಬೆಳಿಗ್ಗೆ ಬೊಗಸೆ ಒಡ್ಡಿ, "ಅವ್ವಾ, ನನಗ?" ಎಂದರು. ಅತ್ತೆ ಒಳಗೆ ಹೋಗಿಬಿಟ್ಟರು. ಮರುದಿನ ನಾನು ಚಹಾಕ್ಕೆ ಇಡಲು ಹೋದಾಗ ಗ್ಯಾಸಿನ ಮೇಲೆ ಮೀಸಲ ನೀರು ಕುದಿಯುತ್ತಿತ್ತು. ಅತ್ತೆ ಪಕ್ಕದಲ್ಲಿ ಕೈಕಟ್ಟಿ ನಿಂತು ಅದನ್ನೇ ನೋಡುತ್ತಿದ್ದರು. ನಾನು ಚಹಾದ ಪಾತ್ರೆಯನ್ನು ಪಕ್ಕದ ಒಲೆಯ ಮೇಲಿಟ್ಟೆ.

ಈಗ ದಿನವೂ ಹಾಗೆಯೇ. ನೀರು ಕುದಿಯುವುದನ್ನು ನಾನು ಅದೇ ಒಲೆಯ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿರುತ್ತೇನೆ. ಆದರೂ ಅತ್ತೆ ಗಿಂಡಿ ಎತ್ತಿ ಮಗನ ಬೊಗಸೆಯ ಮೇಲೆ ಹಿಡಿದೊಡನೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

"ಕುದಿಸೀರೇನ್ರಿ, ಅತ್ತಿ?"

"ಕುದಿಸೀನವ್ವ."

ಒಂದು ದಿನವೂ ಅವರು ಬೇಸರ ಮಾಡಿಕೊಂಡಿಲ್ಲ. ನಾನು "ಹೂಂ, ಕೊಡ್ರಿ" ಅನ್ನುವ ತನಕ ಗಿಂಡಿ ಹಿಡಿದ ಕೈಯನ್ನು ಹಾಗೇ ಎತ್ತಿ ಹಿಡಿದು ನಿಂತಿರುತ್ತಾರೆ.