ಬಾಯಿ ಮುಂದೆ, ಮಾತು ಹಿಂದೆ

ಗಿರಿಜಾಂಬಾ ಅವರ ಕಿವಿ ಅರ್ಧಂಬರ್ಧವಾಗಿದ್ದು ಇವತ್ತು ನಿನ್ನೆಯಲ್ಲ. ಮೇಟಗಳ್ಳಿಯ ನೇಯ್ಗೆ ಕಾರ್ಖಾನೆಯಲ್ಲಿ, ಮಗ್ಗಗಳ ಗದ್ದಲದಲ್ಲೇ ವಯಸ್ಸು ಕಳೆದ ಹೆಂಗಸು. ಅಲ್ಲಿ ಗಂಟಲು ಹರಿದುಕೊಂಡರೂ ಕೇಳುತ್ತಿರಲಿಲ್ಲ. ಒಬ್ಬರ ತುಟಿ ಇನ್ನೊಬ್ಬರು ನೋಡಿಯೇ ಸಂಸಾರದ ಕಷ್ಟಸುಖ ಮಾತಾಡಿಕೊಳ್ಳುತ್ತಿದ್ದರು. ನಿವೃತ್ತಿಯಾದ ಮೇಲೂ ಆ ಅಭ್ಯಾಸ ಕೈಹಿಡಿದಿತ್ತು. ಅರ್ಧ ಕಿವಿ, ಅರ್ಧ ಕಣ್ಣಲ್ಲಿ ಟಿವಿಯಿಂದ ಹೊಸ ವಚನ ಕಲಿತು, ಪ್ರತಿ ಸೋಮವಾರ ಮಠದಲ್ಲಿ ಅಕ್ಕನ ಬಳಗದವರಿಗೆ ಹೇಳಿಕೊಡುತ್ತಿದ್ದರು. ಆ ಸೋಮವಾರಕ್ಕಾಗಿಯೇ ಅವರು ವಾರವೆಲ್ಲ ಕಾಯುತ್ತಿದ್ದುದು.

ಹೀಗಿರುವಾಗ ಹಳೆಯ ಟಿವಿ ಕೆಟ್ಟಿತು. ಯಜಮಾನರಾದ ಸಿದ್ದಲಿಂಗಸ್ವಾಮಿ ಹೊಸ ಟಿವಿ ತಂದರು, ಜೊತೆಗೆ ವೈರೇ ಬೇಡದ ಬ್ಲೂಟೂತ್ ಸ್ಪೀಕರನ್ನೂ. ಹಳೆಯ ಟಿವಿಗೆ ಸದ್ದು ಕೊಡುತ್ತಿದ್ದ, ಗೊರಗೊರ ಎನ್ನುವ ಆಂಪ್ಲಿಫೈಯರು ತನ್ನ ಸ್ಪೀಕರು, ಕೆಂಪು-ಬಿಳಿ ಪಿನ್ನಿನ ವೈರಿನ ಸಮೇತ ಅಟ್ಟ ಸೇರಿತು.

"ಡಿಜಿಟಲ್ ಕಣೇ ಇದು! ಒಂಚೂರಾದ್ರೂ ಗೊರಗೊರ ಅಂತದಾ, ನೋಡು" ಎಂದು ಅವರು ಬೀಗಿದ್ದೇ ಬೀಗಿದ್ದು, ಸ್ಪೀಕರನ್ನು ತಾವೇ ಹೆತ್ತ ಹಾಗೆ.

ಗಿರಿಜಾಂಬಾ ಅವರಿಗೆ ಅಂದಿನಿಂದ ಒಂದು ವಚನವೂ ಹತ್ತಲಿಲ್ಲ. ಸದ್ದು ಜೋರಾಗಿಯೇ ಬರುತ್ತಿತ್ತು, ಪದಗಳು ಮಾತ್ರ ಕಲಸಿಹೋಗುತ್ತಿದ್ದವು. ಉಳಿದಿದ್ದ ಕಿವಿಯೂ ಹೋಯಿತು ಎಂದುಕೊಂಡರು. ಎದುರು ಕೂತವರ ಮಾತೇನೋ ತಿಳಿಯುತ್ತಿತ್ತು. ಅದು ತುಟಿಯ ಪುಣ್ಯ ಎಂದು ತಳ್ಳಿಹಾಕಿದರು. ಗಂಡನ ಖುಷಿಗೆ ಕಲ್ಲು ಹಾಕಲು ಮನಸ್ಸು ಬರಲಿಲ್ಲ. ಹೆದರಿಕೆಯೂ ಇತ್ತು, ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಡುತ್ತದೆಂದು. ಬಳಗದ ಬಿಂದು ಮನೆಗೆ ಬಂದಾಗ, "ಇನ್ಮೇಲೆ ನೀನೇ ಹೇಳ್ಕೊಡು ಕಣಮ್ಮ, ನನ್ ಕೈಲಾಗಲ್ಲ" ಎಂದುಬಿಟ್ಟರು.

ಭಾನುವಾರ ಮಗಳು ಹೇಮಶ್ರೀ ಬಂದಾಗ ಅಮ್ಮ ಟಿವಿಗೆ ಬೆನ್ನು ಹಾಕಿ ಅವರೆಕಾಯಿ ಬಿಡಿಸುತ್ತಿದ್ದರು. ವಚನ ಬರುವ ಹೊತ್ತಿನಲ್ಲಿ ಹೀಗೆ ಕೂತವರೇ ಅಲ್ಲ. ಏನಮ್ಮಾ ಎಂದು ಕೇಳಿದ್ದಷ್ಟೇ, ಅಮ್ಮನ ಕಣ್ಣು ತುಂಬಿಬಂತು.

"ಹಾಡೋನು ಬಾಯಿ ಮುಚ್ಚಿದ್ ಮೇಲೆ ನಂಗೆ ಮಾತು ಕೇಳುತ್ತೆ ಕಣೇ. ಕಿವಿ ಅಷ್ಟು ನಿಧಾನ ಆಗ್ಬುಟ್ಟಿದೆ."

ಹೇಮಶ್ರೀ ಟಿವಿಯನ್ನೇ ದಿಟ್ಟಿಸಿದಳು. ಆಮೇಲೆ ಅಮ್ಮನನ್ನು ತಬ್ಬಿಕೊಂಡು ನಕ್ಕುಬಿಟ್ಟಳು. "ನಿಧಾನ ನಿನ್ ಕಿವಿಯಲ್ಲಮ್ಮ, ಈ ಡಬ್ಬ! ವೈರಿಲ್ದೆ ಬರೋವಷ್ಟರಲ್ಲಿ ಸದ್ದು ಹಿಂದೆ ಬೀಳ್ತಿದೆ. ಒಂದ್ ಚೂರೇ, ನಾವ್ಯಾರೂ ಗಮನಿಸ್ಲೇ ಇಲ್ಲ."

"ಡಿಜಿಟಲ್ ವೈರೂ ಸಿಗ್ತದಂತಲ್ಲ?" ಸಿದ್ದಲಿಂಗಸ್ವಾಮಿ ಸುಲಭಕ್ಕೆ ಸೋಲಲಿಲ್ಲ.

"ಸಿಗುತ್ತೆ ಅಪ್ಪಾಜಿ. ಅದನ್ನ ಸಿಕ್ಕಿಸೋ ತೂತು ಈ ಸ್ಪೀಕರಿಗೂ ಇಲ್ಲ, ಅಟ್ಟದ ಮೇಲಿರೋದಕ್ಕೂ ಇಲ್ಲ. ಟಿವಿಯ ಹೆಡ್‌ಫೋನ್ ತೂತಿಂದ ಹಳೇ ವೈರನ್ನೇ ಎಳೆಯೋಣ."

ಅವರು ಗೊಣಗುತ್ತಲೇ ಅಟ್ಟ ಹತ್ತಿದರು. ಧೂಳು ಒರೆಸಿ ಆಂಪ್ಲಿಫೈಯರಿಗೆ ಕೆಂಪು ಬಿಳಿ ಪಿನ್ನು ಚುಚ್ಚಿ ಸ್ವಿಚ್ ಹಾಕಿದರೆ, ಅದು ಗುಂಯ್ ಎಂದಿತು.

"ನೋಡಿದ್ಯಾ? ಶುರು ಹಚ್ಕೊಂಡ್ತು."

ಗಿರಿಜಾಂಬಾ ಸುಮ್ಮನಿರಿ ಎಂದು ಕೈ ಎತ್ತಿದರು. ಪರದೆಯ ಮೇಲೆ ಗಾಯಕ ಬಾಯಿ ತೆರೆದ, ಪದವೂ ಆ ಕ್ಷಣಕ್ಕೇ ಬಂತು. ಮುಂದಿನದೂ ಹಾಗೆಯೇ ಬಂತು. ಅವರ ತುಟಿಯೂ ತಾನಾಗಿ ಅಲುಗತೊಡಗಿತು.

"ಗುಂಯ್ ಅಂದ್ರೆ ಅನ್ಲಿ ಬುಡಿ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಮಗ್ಗದ ಮುಂದೆ ಇದ್ಯಾವ ಲೆಕ್ಕ."

ಸಿದ್ದಲಿಂಗಸ್ವಾಮಿ ತಮ್ಮ ಸ್ಪೀಕರನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟರು, ರೇಡಿಯೋ ವಾರ್ತೆಗಾದರೂ ಆದೀತೆಂದು.

"ಹೇಮಾ, ಬಿಂದುಗೊಂದು ಫೋನ್ ಮಾಡು" ಎಂದರು ಗಿರಿಜಾಂಬಾ, ಪರದೆಯಿಂದ ಕಣ್ಣು ಕೀಳದೆ. "ನಾಳೆ ನಾನೇ ಬರ್ತೀನಿ ಅನ್ನು. ಹೊಸಾದೊಂದು ಹೇಳ್ಕೊಡೋದಿದೆ."