ಜಿಲಾನಿ ಮಾಸ್ತರರ ಕುರ್ಚಿ ವಂಶ

ಜಿಲಾನಿ ಮಾಸ್ತರರ ಬಗ್ಗೆ ಬರೆಯಲು ಕುಳಿತರೆ ನನಗೆ ಮೊದಲು ಬರುವುದು ಸಿಟ್ಟು. ನಗು ಬರುವುದು ಆಮೇಲೆ. ಮೂವತ್ತೇಳು ವರ್ಷ ನಾನು ದೊಡ್ಡ ವಂಶದವನೆಂದು ಊರ ತುಂಬ ಎದೆ ಉಬ್ಬಿಸಿಕೊಂಡು ತಿರುಗಿದೆ. ಅದೆಲ್ಲ ಎಲ್ಲಿಂದ ಹುಟ್ಟಿತೆಂದು ಗೊತ್ತಿದ್ದ ಒಬ್ಬರೇ ಒಬ್ಬರು, ಈ ಮಾಸ್ತರರು, ಮಸ್ಕಿಯಲ್ಲಿ ತಮ್ಮ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಸುಮ್ಮನೆ ಇದ್ದರು. ಹೇಳಬಾರದಿತ್ತೇ ಮಹಾರಾಯರು?

ನಾನು ಸಂತೆಕಲ್ಲೂರಿನ ಮುದುಕಪ್ಪ ಕುರ್ಚಿ. ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಸದ್ದಿನೊಳಗೆ ಮಾತಾಡಿ ಮಾತಾಡಿ ದನಿ ಜೋರಾಗಿದೆ, ಆದ್ದರಿಂದ ಬರವಣಿಗೆಯೂ ಜೋರಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಸೀಮೆಯ ಅಡ್ಡಹೆಸರುಗಳು ನಿಮಗೆ ಗೊತ್ತೇ ಇವೆ. ಒಬ್ಬ ಮೆಣಸಿನಕಾಯಿ, ಒಬ್ಬ ಉಳ್ಳಾಗಡ್ಡಿ, ಇನ್ನೊಬ್ಬ ಹಗ್ಗದ. ಅವರ ನಡುವೆ ನಾನು ಕುರ್ಚಿ! ಜೋಳ ಬೀಸಿಸಲು ಬಂದವರಿಗೆ ಹಿಟ್ಟು ಆಗುವತನಕ ಬೇರೆ ದಾರಿಯಿಲ್ಲ, ನನ್ನ ವಂಶದ ಕತೆ ಕೇಳಲೇಬೇಕು. ಹೈದರಾಬಾದಿನ ದರಬಾರಿನಲ್ಲಿ ದೊಡ್ಡ ದೊಡ್ಡ ಜಾಗೀರದಾರರೆಲ್ಲ ಕೈಕಟ್ಟಿ ನಿಂತಿದ್ದಾಗ ನವಾಬರು ನಮ್ಮ ಮುತ್ತಜ್ಜನೊಬ್ಬನಿಗೇ ಕುರ್ಚಿ ಹಾಕಿಸಿದರಂತೆ. ಈ ಕತೆಯನ್ನು ನನಗೆ ಯಾರು ಹೇಳಿದರೆಂದು ಮಾತ್ರ ಕೇಳಬೇಡಿ. ಬಹುಶಃ ನಾನೇ ಹೇಳಿಕೊಂಡಿರಬೇಕು.

ಆದರೆ ಒಂದು ಮಾತು. ನನ್ನ ನೆನಪಿನ ತಳದಲ್ಲಿ ಎಲ್ಲೋ ಒಂದು ಕುರ್ಚಿ ನಿಜವಾಗಿಯೂ ಇತ್ತು. ಅದರ ಮೇಲೆ ಕುಳಿತವನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಸುತ್ತ ನೆಲದ ಮೇಲೆ ಕೂತವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಇದು ಮುತ್ತಜ್ಜನ ಕಾಲದ ನೆನಪು, ರಕ್ತದಲ್ಲಿ ಹರಿದು ಬಂದಿದೆ ಎಂದೇ ನಾನು ನಂಬಿದ್ದೆ.

ನಂಬದವಳು ನನ್ನ ಸೋದರತ್ತೆ ಆದೆಮ್ಮ ಒಬ್ಬಳೇ.

“ಲೇ ಮುದ್ಕ್ಯಾ, ನಿಮ್ಮಪ್ಪ ಕುರಿ ಕಾದಾವ. ಅವ ಕಂಬಳಿ ಮ್ಯಾಲೆ ಕುಂತಾನ, ಕುರ್ಚಿ ಕಂಡಿದ್ದೇ ಇಲ್ಲ. ನಮ್ದು ಎಮ್ಮಿ ಬೆಡಗು, ಎಮ್ಮಿ!” ಎನ್ನುತ್ತಿದ್ದಳು.

ಬೆಡಗೆಂದರೆ ಒಂದೇ ಬಳ್ಳಿಯ ಮನೆತನಗಳು. ಒಂದು ಬೆಡಗಿನವರೆಲ್ಲ ಅಣ್ಣತಮ್ಮಂದಿರು, ಅವರೊಳಗೆ ಹೆಣ್ಣು ಕೊಟ್ಟು ತರುವ ಹಾಗಿಲ್ಲ. ಎಮ್ಮೆ ಎಂದು ಹೇಳಿಕೊಳ್ಳಲು ನನಗೆ ಮೈಯೆಲ್ಲ ನಾಚಿಕೆ. ಅತ್ತೆಯ ಬಾಯಿ ಮುಚ್ಚಿಸಿದೆ. ಯಾರಾದರೂ ಬೆಡಗು ಯಾವುದೆಂದು ಕೇಳಿದರೆ ಗಂಟಲು ಸರಿ ಮಾಡಿಕೊಂಡು “ಕುರ್ಚಿ” ಎನ್ನತೊಡಗಿದೆ. ವರ್ಷಗಳು ಕಳೆದಂತೆ ಊರೂ ಅದನ್ನೇ ಒಪ್ಪಿಕೊಂಡಿತು.

ತೊಂಬತ್ತನಾಲ್ಕರಲ್ಲಿ ನನ್ನ ಮಗಳು ಅಯ್ಯಮ್ಮನಿಗೆ ಸಂಬಂಧ ಕೂಡಿ ಬಂತು. ಹುಡುಗ ಸಿಂಧನೂರು ಹತ್ತಿರದ ಗೊರೇಬಾಳದ ಆದೆಪ್ಪ, ಕಾಲುವೆ ನೀರಿನ ಭತ್ತದ ಗದ್ದೆಯವನು. ಮಾತುಕತೆಯನ್ನೆಲ್ಲ ಹೆಂಗಸರೇ ನಡೆಸಿದರು, ಬೆಡಗಿನ ಮಾತನ್ನಷ್ಟೇ ಗಂಡಸರಿಗೆ ಬಿಟ್ಟಿದ್ದರು. ನನ್ನ ಹೆಂಡತಿ ಗ್ಯಾನಮ್ಮ ನನಗೆ ಮೊದಲೇ ತಾಕೀತು ಮಾಡಿದ್ದಳು: “ನಿಶ್ಚೆ ಆಗೂತನಕ ನಿಮ್ಮ ಕುರ್ಚಿ ಕತಿ ತೆಗೀಬ್ಯಾಡ್ರಿ. ಬೀಗರು ಓಡಿ ಹೋದಾರು.” ನಾನು ತುಟಿ ಹೊಲಿದುಕೊಂಡಿದ್ದೆ. ಹುಡುಗನನ್ನು ನೋಡಿದ ದಿನದಿಂದ ಅಯ್ಯಮ್ಮ ರೊಟ್ಟಿ ಬಡಿಯುತ್ತ ಹಾಡತೊಡಗಿದ್ದಳು. ಹಾಡಿನ ಗುಂಗಿನಲ್ಲಿ ದಿನಕ್ಕೆರಡು ರೊಟ್ಟಿ ಸುಟ್ಟು ಕರಿಯಾಗುತ್ತಿದ್ದವು. ನಾನು ಆ ಕರಿ ರೊಟ್ಟಿಯನ್ನೇ ತಿಂದೆ.

ನಿಶ್ಚಯದ ದಿನ ಮುಂಜಾನೆ ಗೊರೇಬಾಳದಿಂದ ಒಂದು ಟೆಂಪೋ ತುಂಬ ಜನ ಬಂದರು. ಹುಡುಗನ ತಂದೆ ಯಮನೂರಪ್ಪ ನನ್ನ ವಾರಿಗೆಯವನು, ದನಿಯಲ್ಲೂ ನನಗಿಂತ ಕಡಿಮೆಯಿಲ್ಲ. ಸಕ್ಕರೆ ತಟ್ಟೆ ಬಂತು, ಎಲೆ ಅಡಿಕೆ ಬಂತು. ಇನ್ನೇನು ಮುಗಿಯಿತಲ್ಲ ಎಂದು ನನ್ನ ನಾಲಿಗೆ ಕಡಿಯಹತ್ತಿತು. ಗ್ಯಾನಮ್ಮ ಒಳಗೆ ಚಹಾ ಸೋಸುತ್ತಿದ್ದಳು. ಇದೇ ಸಮಯ ಎಂದು ಶುರು ಮಾಡಿಯೇಬಿಟ್ಟೆ: “ನಮ್ದು ಸಾದಾ ಮನಿತನ ಅಲ್ರೀ ಬೀಗರ, ನಾವು ಕುರ್ಚಿ ಮಂದಿ…”

ಯಮನೂರಪ್ಪ ಕೂತಲ್ಲಿಂದ ಚಂಗನೆ ಎದ್ದ. “ಏನಂದ್ರಿ? ಕುರ್ಚಿ? ನಮ್ದೂ ಕುರ್ಚೀರಿ!”

“ಹೌದಾ?”

“ಹೌದ್ರೀ! ಸುರಪುರದ ಅರಸರು ನಮ್ಮ ಮುತ್ತಜ್ಜಗ ಆನಿ ಮ್ಯಾಲೆ ಕುರ್ಚಿ ಹಾಕಿ ಕುಂದ್ರಿಸಿದ್ರಂತ!”

“ನಮ್ಮ ಮುತ್ತಜ್ಜಗ ನವಾಬರು!”

“ನಮ್ಮೂರಾಗ ಐದು ಮನಿ ಅದಾವ್ರಿ!”

“ನಮ್ಮೂರಾಗ ಏಳು! ಮುಕ್ಕುಂದದಾಗೂ ನಾಕು ಮನಿ ಅದಾವಂತ!”

ಅಬ್ಬಾ, ಆ ಸಂಭ್ರಮವನ್ನು ಏನು ಹೇಳಲಿ! ಯಾವುದೋ ಲಡಾಯಿಯಲ್ಲಿ ಚದುರಿ ಹೋದ ವಂಶ ಇವತ್ತು ಒಂದಾಯಿತು ಎಂದು ಯಮನೂರಪ್ಪ ಕೂಗಿದ. ನಾವಿಬ್ಬರೂ ಅಪ್ಪಿಕೊಂಡೆವು. ಅವನ ರುಮಾಲು ಬಿಚ್ಚಿ ಸಕ್ಕರೆ ತಟ್ಟೆಯಲ್ಲಿ ಬಿತ್ತು. “ಅಣ್ಣಾ!” ಎಂದ ಅವನು. “ತಮ್ಮಾ!” ಎಂದೆ ನಾನು. ಇಬ್ಬರ ಕಣ್ಣಲ್ಲೂ ನೀರು. ಟೆಂಪೋದ ಡ್ರೈವರ್ ಕೂಡ ಚಪ್ಪಾಳೆ ತಟ್ಟಿದ.

ಮೂಲೆಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಆದೆಮ್ಮತ್ತೆ ಕತ್ತೆತ್ತಿದಳು. “ನೀವೇನೋ ಅಣ್ತಮ್ಮ ಆದ್ರೆಪಾ. ಹಂಗಾದ್ರ ಹುಡುಗ ಹುಡುಗಿ ಏನಾದ್ರು?”

ಅಪ್ಪಿಕೊಂಡಿದ್ದ ನಾವಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟೆವು. ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಗ್ಯಾನಮ್ಮ ನನ್ನನ್ನು ನೋಡಿದ ನೋಟಕ್ಕೆ ಗಿರಣಿಯ ಪಟ್ಟಾ ಹರಿದು ಬೀಳಬೇಕು. ಗೊರೇಬಾಳದ ಹಿರಿಯರು ಒಬ್ಬೊಬ್ಬರಾಗಿ ಎದ್ದರು. ಅಣ್ಣ ತಂಗಿಗೆ ಮದುವೆ ಮಾಡಿದರೆ ಮಂದಿ ಮುಖಕ್ಕೆ ಉಗುಳುತ್ತಾರೆ ಎಂದರು. ಇಬ್ಬರದೂ ಬೇರೆ ಬೇರೆ ಬೆಡಗೆಂದು ಮುಂದಿನ ಸೋಮವಾರದೊಳಗೆ ಗೊರೇಬಾಳಕ್ಕೆ ಬಂದು ತೋರಿಸಿದರೆ ಸರಿ, ಇಲ್ಲವಾದರೆ ಹುಡುಗನಿಗೆ ಬೇರೆ ಕಡೆ ಹೆಣ್ಣು ನೋಡುತ್ತೇವೆ ಎಂದು ಹೇಳಿ ಟೆಂಪೋ ಹತ್ತಿದರು.

ಮರುದಿನ ರೊಟ್ಟಿ ಒಂದೂ ಸುಟ್ಟಿರಲಿಲ್ಲ. ಅಯ್ಯಮ್ಮ ನನ್ನ ಮುಂದೆ ತಟ್ಟೆ ಇಟ್ಟು ಅಲ್ಲೇ ನಿಂತಳು. “ಅಪ್ಪಾ, ಇಷ್ಟು ದಿನ ಆ ಕುರ್ಚಿ ಮ್ಯಾಲೆ ನೀ ಒಬ್ಬನ ಕುಂತಿದ್ದಿ. ಈಗ ಅದನ್ನ ತಂದು ನನ್ನ ಎದಿ ಮ್ಯಾಲೆ ಇಟ್ಟಿ ನೋಡು.” ಅಷ್ಟೇ ಹೇಳಿ ಒಳಗೆ ಹೋದಳು. ನಾನು ತಟ್ಟೆ ಸರಿಸಿ ಎದ್ದೆ.

“ಸಾಲ್ಯಾಗ ಆ ಹೆಸರು ಬರದಾವ ಜಿಲಾನಿ ಮಾಸ್ತರ. ಹೋಗಿ ಅವನ್ನ ಕೇಳು,” ಎಂದಳು ಆದೆಮ್ಮತ್ತೆ. ಈ ಮಾತನ್ನೂ ಆಕೆ ಮೂವತ್ತು ವರ್ಷದಿಂದ ಹೇಳುತ್ತಿದ್ದಳು. ನಾನು ಕಿವಿಗೆ ಹಾಕಿಕೊಂಡಿದ್ದು ಅವತ್ತೇ ಮೊದಲು.

ಯಮನೂರಪ್ಪನಿಗೂ ಹೇಳಿ ಕಳಿಸಿದೆ. ಶುಕ್ರವಾರ ಮುಂಜಾನೆ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕೂಡಿದೆವು. ಹೊರಟಿರುವುದು ಯಾರ ಮನೆಗೆಂದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ.

“ಜಿಲಾನಿಸಾಬ್ ಮಾಸ್ತರ? ಗೊರೇಬಾಳದಾಗ ನನಗೂ ಅವ್ರ ಕಲಿಸ್ಯಾರ!” ಎಂದ.

ಮಾಸ್ತರರ ಮನೆತನ ಮಸ್ಕಿಯದೇ. ತಂದೆ ಗೌಸ್‌ಸಾಬ್ ಬಡಿಗತನ ಮಾಡುತ್ತಿದ್ದವರು. ಐವತ್ತೇಳರಲ್ಲಿ ಮಗನಿಗೆ ನಮ್ಮ ಸಂತೆಕಲ್ಲೂರಿನಲ್ಲಿ ಮಾಸ್ತರಿಕೆ ಸಿಕ್ಕಿತು. ಆದರೆ ಹಳ್ಳಿಯ ಶಾಲೆಗಳಲ್ಲಿ ಹಲಗೆಯೇ ಇಲ್ಲ, ಇನ್ನು ಕುರ್ಚಿ ಎಲ್ಲಿಂದ ಬರಬೇಕು? ನನ್ನ ಮಗ ನೆಲದ ಮೇಲೆ ಕೂತು ನೌಕರಿ ಮಾಡಬಾರದು ಎಂದು ಗೌಸ್‌ಸಾಬರು ಬೇವಿನ ಕಟ್ಟಿಗೆಯ ಒಂದು ಕುರ್ಚಿ ಮಾಡಿಕೊಟ್ಟರು. ಮೂವತ್ತೈದು ವರ್ಷದ ನೌಕರಿಯಲ್ಲಿ ಮಾಸ್ತರರು ಎಲ್ಲೆಲ್ಲಿಗೆ ವರ್ಗವಾದರೋ ಅಲ್ಲಲ್ಲಿಗೆ ಬಸ್ಸಿನ ತಲೆಯ ಮೇಲೆ ಆ ಕುರ್ಚಿಯೂ ಹೋಯಿತು. ಹುಡುಗರಿಗೆ ಕೈ ಎತ್ತಿದವರಲ್ಲ. ಯಾರಾದರೂ ತೂಕಡಿಸಿದರೆ ಅವನ ಕಿವಿಯ ಹತ್ತಿರ ಹೋಗಿ ಮೆಲ್ಲಗೆ ಮಗ್ಗಿ ಹೇಳುತ್ತಿದ್ದರು, ಎಚ್ಚರಾದವನು ಅಲ್ಲಿಂದ ಮುಂದುವರಿಸಬೇಕು. “ನಾ ಲಗ್ನ ಆಗಿ ಮನೀಗೆ ಬಂದ ವಾರಕ್ಕ ವರ್ಗ ಆತು. ಇವ್ರು ಬಸ್ ಮ್ಯಾಲೆ ಮೊದ್ಲು ಕುರ್ಚಿ ಹತ್ತಿಸಿದ್ರು, ಆಮ್ಯಾಲೆ ನನ್ನ,” ಎಂದು ಅವರ ಹೆಂಡತಿ ಹಾಜಿರಾಬೀ ಇವತ್ತಿಗೂ ಆಡಿಕೊಳ್ಳುತ್ತಾರೆ.

ನಾವು ಹೋದಾಗ ಮಾಸ್ತರರು ಕಟ್ಟೆಯ ಮೇಲೆ ಅದೇ ಕುರ್ಚಿಯಲ್ಲಿ ಕೂತಿದ್ದರು. ಮುಕ್ಕುಂದದ ಶಾಲೆಯಲ್ಲಿದ್ದಾಗ ಗೆದ್ದಲು ತಿಂದು ಒಂದು ಕಾಲು ಮೋಟಾಗಿತ್ತು. ಅದರ ಕೆಳಗೆ ಹುಡುಗರು ಬರೆಯುವ ಪಾಟಿಯ ಒಡೆದ ಚೂರು ಇಟ್ಟಿದ್ದರು. ನಾವು ನಡೆದದ್ದನ್ನೆಲ್ಲ ಹೇಳಿದೆವು. ನವಾಬರ ದರಬಾರು ಬಂದಾಗ ಅವರ ಗಡ್ಡ ಅಲುಗಿತು. ಸುರಪುರದ ಆನೆ ಬಂದಾಗ ಬಾಯಿಗೆ ಟವೆಲ್ ಒತ್ತಿಕೊಂಡರು. ಅಯ್ಯಮ್ಮನ ಮಾತು ಹೇಳಿದಾಗ ಮಾತ್ರ ಟವೆಲ್ ಕೆಳಗಿಳಿಯಿತು.

“ತಪ್ಪು ನಂದದ ಬೇಟಾ,” ಎಂದರು. “ನೀವಿಬ್ರೂ ಒಂದು ದಿನ ನನ್ನ ಹೊಡಿಯಾಕ ಬಡಿಗಿ ಹಿಡ್ಕೊಂಡು ಬರ್ತೀರಂತ ನಂಗ ಗೊತ್ತಿತ್ತು. ಇಷ್ಟು ತಡ ಮಾಡ್ತೀರಂತ ಗೊತ್ತಿದ್ದಿಲ್ಲ.”

“ಏನ್ ತಪ್ಪು ಮಾಡೀರಿ ಸರ?”

“ಮುದುಕಪ್ಪ, ನಿಮ್ಮಪ್ಪ ನಿನ್ನ ಸಾಲೀಗೆ ಕರ್ಕೊಂಡು ಬಂದಾಗ ಅಡ್ಡಹೆಸರೇನಂತ ಕೇಳ್ದೆ. ಅಡ್ಡಹೆಸರು ಇಲ್ರೀ ಸಾಹೇಬ, ನಮ್ದು ಎಮ್ಮಿ ಬೆಡಗು, ಅದನ್ನ ಬರ್ಕೋರಿ ಅಂದ. ಇಡೀ ಸಾಲಿ ನಕ್ತು. ಒಬ್ಬ ಹುಡುಗ ಎಮ್ಮಿಹಂಗ ಕೂಗಿದ. ನೀ ಅಳಾಕ ಶುರು ಮಾಡ್ದಿ ನೋಡು, ಕ್ಯಾ ಕರೂ, ಏನ್ ಮಾಡಿದ್ರೂ ನಿಲ್ಲಲಿಲ್ಲ. ಆ ಕಾಲಂ ಖಾಲಿ ಬಿಟ್ರ ಇನ್ಸ್‌ಪೆಕ್ಟರ್ ಬೈತಿದ್ದ. ಸುತ್ತ ನೋಡ್ದೆ. ಸಾಲ್ಯಾಗ ಇದ್ದ ಚೆಂದದ ವಸ್ತು ಅಂದ್ರ ಇದೊಂದ. ಕುರ್ಚಿ ಅಂತ ಬರ್ದೆ. ನಿನ್ನ ಎತ್ತಿ ಇದರ ಮ್ಯಾಲೆ ಕುಂದ್ರಿಸ್ದೆ. ನೋಡ್ರಲೇ, ಇವ ಕುರ್ಚಿ ಮುದುಕಪ್ಪ, ನೀವೆಲ್ಲ ನೆಲಕ್ಕ ಕುಂತೀರಿ ಅಂದೆ. ಆವಾಗ ನಿನ್ನ ಅಳು ನಿಂತ್ತು.”

ನಾನು ಆ ಕುರ್ಚಿಯನ್ನು ನೋಡುತ್ತ ನಿಂತೆ. ಕಾಲು ನೆಲಕ್ಕೆ ಎಟುಕದ ಮುತ್ತಜ್ಜ! ಕತ್ತೆತ್ತಿ ನೋಡುತ್ತಿದ್ದ ಜಾಗೀರದಾರರು! ಅಯ್ಯೋ ನನ್ನ ಹಣೆಬರಹವೇ, ಮುತ್ತಜ್ಜ ಅಂದರೆ ನಾನೇ. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹಾಜಿರಾಬೀ ಗಾಬರಿಯಾಗಿ ನೀರು ತಂದುಕೊಟ್ಟರು.

“ಮತ್ತ ನಾನ್ರೀ ಸರ?” ಎಂದ ಯಮನೂರಪ್ಪ. ಆನೆ ಹೋದರೂ ಅರಸರಾದರೂ ಉಳಿದಾರೇನೋ ಎಂಬ ಆಸೆ ಅವನಿಗೆ.

“ನಿಂದು ಜೀರಿಗಿ ಬೆಡಗಲೇ. ನಿಮ್ಮಜ್ಜಿ ನನಗ ಹೇಳಿದ್ಲು. ನಿನಗೂ ಅಡ್ಡಹೆಸರಿದ್ದಿಲ್ಲ. ಒಮ್ಮೆ ಬರ್ದು ರೂಢಿ ಆಗಿತ್ತು. ಎರಡು ವರ್ಷದ ಮ್ಯಾಲೆ ಗೊರೇಬಾಳಕ್ಕ ಬಂದೆ, ಅಲ್ಲಿ ಐದು ಹುಡುಗ್ರಿಗೆ ಇಟ್ಟೆ. ಆಮ್ಯಾಲೆ ಮುಕ್ಕುಂದ, ನಾಕು. ಹೆಸರಿಟ್ಟವ್ರನ್ನೆಲ್ಲ ಒಂದೊಂದು ಸಲ ಇದರ ಮ್ಯಾಲೆ ಕುಂದ್ರಿಸೀನಿ. ಲಿಂಗಸುಗೂರಿಗೆ ಹೋಗೂದ್ರಾಗ ಮಂದಿ ತಮ್ಮ ತಮ್ಮ ಹೆಸರು ತರಾಕತ್ತಿದ್ರು. ಅಲ್ಲಿಗೆ ನನ್ನ ದುಕಾನ ಬಂದ್ ಆತು.”

ಲೆಕ್ಕ ಹಾಕಿ ನೋಡಿ: ಸಂತೆಕಲ್ಲೂರಿನಲ್ಲಿ ಏಳು, ಗೊರೇಬಾಳದಲ್ಲಿ ಐದು, ಮುಕ್ಕುಂದದಲ್ಲಿ ನಾಲ್ಕು, ಲಿಂಗಸುಗೂರಿನಲ್ಲಿ ಸೊನ್ನೆ. ನಮ್ಮ ವಂಶವನ್ನು ಯಾವ ಲಡಾಯಿಯೂ ಚದುರಿಸಿರಲಿಲ್ಲ. ಶಿಕ್ಷಣ ಇಲಾಖೆಯ ವರ್ಗಾವಣೆಯ ಕಾಗದ ಚದುರಿಸಿತ್ತು.

ಸೋಮವಾರ ಗೊರೇಬಾಳಕ್ಕೆ ಮಾಸ್ತರರೂ ಬಂದರು. ಬಸ್ಸಿನ ತಲೆಯ ಮೇಲೆ ಕುರ್ಚಿಯೂ ಬಂತು. ಹಿರಿಯರು ಕೂತಿದ್ದರು, ಅವರ ಹಿಂದೆ ಊರೇ ನಿಂತಿತ್ತು. ಗ್ಯಾನಮ್ಮನ ಪಕ್ಕದಲ್ಲಿ ಅಯ್ಯಮ್ಮ ತಲೆ ತಗ್ಗಿಸಿ ಕೂತಿದ್ದಳು. ಮಾಸ್ತರರು ಎಲ್ಲವನ್ನೂ ಹೇಳಿದರು, ನನ್ನ ಬೆಡಗಿನ ಹೆಸರೊಂದನ್ನು ಬಿಟ್ಟು. ನನ್ನ ಮಾನ ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಐವತ್ತೇಳರಲ್ಲಿ ಕಾಯ್ದ ಹಾಗೆಯೇ.

“ಹಂಗಾದ್ರ ನಿಮ್ಮ ಬೆಡಗು ಯಾವುದ್ರೀ?” ಎಂದು ಹಿರಿಯರೊಬ್ಬರು ನನ್ನನ್ನೇ ಕೇಳಿದರು.

ರೂಢಿಯಂತೆ ಗಂಟಲು ಸರಿ ಮಾಡಿಕೊಂಡೆ. ಅಯ್ಯಮ್ಮ ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದಳು. ಆರು ವರ್ಷದ ಹುಡುಗಿಯಾಗಿದ್ದಾಗ ಜಾತ್ರೆಯ ಮಂದಿಯಲ್ಲಿ ಕೈ ತಪ್ಪಿ ಮತ್ತೆ ಸಿಕ್ಕಾಗ ಹೀಗೇ ನೋಡಿದ್ದಳು.

“ಎಮ್ಮಿ!” ಎಂದೆ. ಎಷ್ಟು ಜೋರಾಗಿ ಅಂದೆನೆಂದರೆ ಗಿಡದ ಕೆಳಗೆ ಕಟ್ಟಿದ್ದ ನಿಜವಾದ ಎಮ್ಮೆಯೊಂದು ತಿರುಗಿ ಕೂಗಿತು.

ಊರಿಗೆ ಊರೇ ನಕ್ಕಿತು. ಹಿರಿಯರು ನಕ್ಕರು, ಆದೆಪ್ಪ ನಕ್ಕ, ಯಮನೂರಪ್ಪ ನೆಲ ಬಡಿದು ಬಡಿದು ನಕ್ಕ. ಅಯ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಐವತ್ತೇಳರ ಅದೇ ನಗು, ಆದರೆ ಈ ಸಲ ನಾನೂ ಅದರೊಳಗಿದ್ದೆ. “ಎಮ್ಮಿಗೂ ಜೀರಿಗಿಗೂ ಏನ್ ಅಡ್ಡಿ ಇಲ್ಲ, ಅಕ್ಕಿಕಾಳು ಹಾಕ್ರೆಪಾ,” ಎಂದು ಹಿರಿಯರು ಎದ್ದರು. ಆದೆಮ್ಮತ್ತೆ ನನ್ನ ಬೆನ್ನಿಗೊಂದು ಗುದ್ದಿದಳು. ಮೂವತ್ತು ವರ್ಷ ಬಾಯಿ ಮುಚ್ಚಿಸಿದ್ದಕ್ಕೆ ಅದು ಕಡಿಮೆಯೇ.

ಲಗ್ನಪತ್ರಿಕೆ ಅಚ್ಚು ಹಾಕಿಸಲು ಸಿಂಧನೂರಿಗೆ ಹೋಗುವಾಗ ದಾರಿಯಲ್ಲಿ ಮಸ್ಕಿಯಲ್ಲಿ ಇಳಿದೆ. ಹಿರಿಯರ ಸಾಲಿನಲ್ಲಿ ಮಾಸ್ತರರ ಹೆಸರು ಹಾಕಬೇಕಿತ್ತು.

“ನಿಮ್ಮ ಅಡ್ಡಹೆಸರು ಏನ್ರೀ ಸರ?” ಎಂದೆ.

ಅವರು ಕೈ ಅಲ್ಲಾಡಿಸಿದರು. “ನಮ್ಗೆಲ್ಲಿದು? ಜಿಲಾನಿಸಾಬ್, ತಂದೆ ಗೌಸ್‌ಸಾಬ್, ಅಷ್ಟ. ನೌಕರಿ ಕಾಗದದಾಗ ಆ ಕಾಲಂ ಮೊದ್ಲಿಂದ ಖಾಲೀನ ಅದ.”

ನಾನು ಸಿಂಧನೂರಿನ ಬಸ್ ಹತ್ತಿದೆ. ವಾರದ ಮೇಲೆ ಪತ್ರಿಕೆ ಕೊಡಲು ಹೋದಾಗ ಮಾಸ್ತರರು ಕನ್ನಡಕ ಹಾಕಿಕೊಂಡು, ಶಾಲೆಯಲ್ಲಿ ಹಾಜರಿ ಓದಿದಂತೆ ಮೇಲಿನಿಂದ ಒಂದೊಂದೇ ಹೆಸರು ದೊಡ್ಡದಾಗಿ ಓದುತ್ತ ಬಂದರು. ಹಿರಿಯರ ಸಾಲಿನ ಮೊದಲ ಹೆಸರಿಗೆ ಬಂದು ನಿಂತರು. “ಜಿಲಾನಿಸಾಬ್ ಕುರ್ಚಿ” ಎಂದಿತ್ತು ಅಲ್ಲಿ. ಎರಡು ಸಲ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆ ತಿರುಗದೆ, ಒಳಗೆ ರೊಟ್ಟಿ ಬಡಿಯುತ್ತಿದ್ದ ಹಾಜಿರಾಬೀಗೆ ಕೇಳುವ ಹಾಗೆ, “ಹಾಜರ್!” ಎಂದು ಕೂಗಿದರು.