ಎರಡೂ ಮಣ್ಣು ಮೆತ್ತಿದ ಬೂಟು

ನಮ್ಮ ಅತ್ತಿಗೆಯನ್ನು ಊರೆಲ್ಲ ಬೂಟತ್ತೆ ಅಂತ ಕರೆಯುತ್ತದೆ. ಅಣ್ಣನ ಬೂಟು ರಿಪೇರಿ ಅಂಗಡಿಗೆ ಈಗ ಅವಳೇ ಯಜಮಾನಿ. ಅಣ್ಣ ಒಳಕೋಣೆಯಲ್ಲಿ ಕೂತು ಅಟ್ಟೆ ಹೊಲಿಯುತ್ತಾನೆ. ಅವನು ಬಾಯಿ ತೆರೆಯುವುದು ಮೊಳೆ ಕಚ್ಚಿಕೊಳ್ಳುವುದಕ್ಕೆ ಮಾತ್ರ. ನಾನು ಅವಳ ನಾದಿನಿ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳೇ, ಆದರೆ ಅಣ್ಣನ ಹೆಂಡತಿ ಅಂದಮೇಲೆ ಅತ್ತಿಗೆ ಅತ್ತಿಗೆಯೇ. ಅದೇ ಅಂಗಡಿಯ ಕಿಟಕಿ ಪಕ್ಕದಲ್ಲಿ ನನ್ನ ಹೊಲಿಗೆ ಮಷಿನ್ನು ಇದೆ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು.

ನಮ್ಮ ಬೀದಿ ಮುಗಿಯುವಲ್ಲಿ ಕಾಡು ಶುರುವಾಗುತ್ತದೆ. ಕೊನೆಯ ಮನೆಯ ಪಕ್ಕದಿಂದ ಕಾಲುದಾರಿ ಮರಗಳ ನಡುವೆ ಸುತ್ತಿ ಸುತ್ತಿ ಬೆಟ್ಟದ ನೆತ್ತಿಗೆ ಹೋಗುತ್ತದೆ. ಅಂಥ ಭಾರಿ ದಾರಿಯೇನಲ್ಲ. ಭಾನುವಾರ ಬಂತೆಂದರೆ ಅಜ್ಜಿಯರು ಕೋಲೂರಿಕೊಂಡು ಹತ್ತುತ್ತಾರೆ, ಕೈಕೂಸುಗಳು ಅಪ್ಪಂದಿರ ಬೆನ್ನ ಮೇಲೆ ನಿದ್ದೆ ಮಾಡಿಕೊಂಡೇ ಹತ್ತುತ್ತವೆ. ನೆತ್ತಿಯಲ್ಲಿ ಗಡಿಕಲ್ಲು. ಕಲ್ಲಿನ ಈಚೆ ನಮ್ಮ ಕಪ್ಪು ಮಣ್ಣು, ಆಚೆ ಅವರ ಕೆಂಪು ಮಣ್ಣು. ಕಲ್ಲು ದಾಟಿ ಸ್ವಲ್ಪ ಇಳಿದರೆ ಒಂದು ಒರತೆ ಸಿಗುತ್ತದೆ. ಅದರ ನೀರು ಕುಡಿದು ಬಂದರೆ ಬೆಟ್ಟ ಹತ್ತಿದ ಲೆಕ್ಕ. ಗಡಿ ಕಾಯುವವನು ತನ್ನ ಗೂಡಿನ ಮುಂದೆ ಕೂತು ಮಕ್ಕಳಿಗೆ ಕೈ ಬೀಸುತ್ತಾನೆ. ಅವನಿಗೆ ಬೇರೆ ಕೆಲಸ ಇದ್ದದ್ದನ್ನು ನಾನಂತೂ ಕಂಡಿಲ್ಲ.

ಅತ್ತಿಗೆಯ ತವರು ಆ ಕೆಂಪು ಮಣ್ಣಿನ ಕಡೆ. ಮದುವೆಯಾದ ಹೊಸದರಲ್ಲಿ ನಮ್ಮಮ್ಮ ಅವಳಿಗೆ ಕೇಳಿಸುವ ಹಾಗೇ ಚುಚ್ಚುತ್ತಿದ್ದಳು, “ತವರಿಂದ ಏನ್ ತಂದ್ಲು ಮಹಾ? ಕಾಲಿಗೆ ಮೆತ್ಕೊಂಡ ಮಣ್ಣು ತಂದ್ಲು!”

ಬೇರೆ ಯಾರಾದರೂ ಆಗಿದ್ದರೆ ಅಡುಗೆಮನೆ ಸೇರಿ ಕಣ್ಣೀರು ಹಾಕುತ್ತಿದ್ದರು. ಇವಳು ಜಗ್ಗುವ ಆಸಾಮಿಯಲ್ಲ. “ಹೂಂ ಅತ್ತೆ, ಇದು ಸ್ವಲ್ಪ. ಇನ್ನೂ ತರ್ತೀನಿ ನೋಡ್ತಾ ಇರಿ” ಅಂದಳು. ಅಂದಂತೆಯೇ ಮಾಡಿದಳು ಕೂಡ.

ಆದದ್ದು ಹೀಗೆ. ಮಕ್ಕಳ ಪಾದ ಬೆಳೆಯುತ್ತಲೇ ಇರುತ್ತದೆ. ಇವತ್ತು ಕೊಂಡ ಬೂಟು ನಾಳೆ ಬಿಗಿ ಅನ್ನುವಾಗ ಯಾವ ಹೆತ್ತವರು ತಾನೇ ಕೊಡಿಸುತ್ತಾರೆ? ಹಾಗಾಗಿ ಮಕ್ಕಳು ಚಪ್ಪಲಿಯಲ್ಲೇ ಹೊರಟು, ಮೊದಲ ಏರಿನಲ್ಲೇ ಜಾರಿ, ಮೂಗು ಸುರಿಸಿಕೊಂಡು ವಾಪಸ್ ಬರುತ್ತಿದ್ದವು. ಅತ್ತಿಗೆ ಮನೆಮನೆ ಹೊಕ್ಕಳು. ಅಟ್ಟದ ಮೇಲೆ, ಮಂಚದ ಕೆಳಗೆ, ಇಲಿ ಕಡಿದು ಬಿದ್ದಿದ್ದ ಹಳೇ ಬೂಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಬಂದಳು. ಹೊಸ ಅಟ್ಟೆ ಹಾಕಿಸಿ, ಹೊಸ ಲೇಸು ಪೋಣಿಸಿ, ಗೋಡೆಯುದ್ದಕ್ಕೂ ಅಳತೆಯ ಪ್ರಕಾರ ಸಾಲಾಗಿ ಜೋಡಿಸಿದಳು. ಯಾರ ಮಗುವಾದರೂ ಒಯ್ಯಬಹುದು. ಕಾಯಿದೆ ಒಂದೇ. ಅದನ್ನು ಹಲಗೆಯ ಮೇಲೆ ತಾನೇ ಬರೆದು ಬಾಗಿಲಿಗೆ ಹೊಡೆದಳು: “ಎರಡೂ ಮಣ್ಣು ಮೆತ್ತದ ಬೂಟು ವಾಪಸ್ ತಗೊಳ್ಳುವುದಿಲ್ಲ.”

“ಇದೇನೇ ಅತ್ತಿಗೆ, ಲೋಕದಲ್ಲಿ ಎಲ್ಲಾರೂ ತೊಳೆದು ತಂದುಕೊಡಿ ಅಂತಾರೆ, ನಿಂದೊಂದು ಉಲ್ಟಾ” ಅಂದೆ.

“ಥಳಥಳ ಅಂತ ವಾಪಸ್ ಬಂದ್ರೆ ಆ ಬೂಟು ಮನೇಲಿ ಮಲಗಿತ್ತು ಅಂತ ಅರ್ಥ ಕಣೇ. ಮಲಗೋದಕ್ಕೆ ನಮ್ಮ ಗೋಡೆನೇ ಇದ್ಯಲ್ಲ, ಅವರ ಮನೆ ಯಾಕೆ?”

ಭಾನುವಾರ ಸಂಜೆ ಮಕ್ಕಳು ಬಾಗಿಲಲ್ಲಿ ಕಾಲೆತ್ತಿ ನಿಲ್ಲುವುದನ್ನು ನೋಡಬೇಕು. ಕಪ್ಪಿದೆಯೇ, ಕೆಂಪಿದೆಯೇ ಅಂತ ಅತ್ತಿಗೆ ಬಗ್ಗಿ ನೋಡುತ್ತಾಳೆ. ಆಮೇಲೆ ಬ್ರಷ್ಷು ಹಿಡಿದು ಮಣ್ಣನ್ನೆಲ್ಲ ಮೆಟ್ಟಿಲ ಪಕ್ಕದ ಹೂವಿನ ಪಾತಿಗೆ ಉದುರಿಸುತ್ತಾಳೆ. ವರ್ಷಗಳು ಕಳೆದ ಹಾಗೆ ಆ ಪಾತಿಗೆ ಕೆಂಪು ಛಾಯೆ ಬಂತು. ನಮ್ಮಮ್ಮ ತಲೆ ಚಚ್ಚಿಕೊಂಡಳು, “ಅಯ್ಯೋ, ತವರನ್ನೇ ಹೊತ್ಕೊಂಡು ಬಂದ್ಲಲ್ಲೇ ಇವಳು!” ಆದರೆ ಆ ಪಾತಿಗೆ ದಿನಾ ನೀರು ಹಾಕುತ್ತಿದ್ದವಳೂ ನಮ್ಮಮ್ಮನೇ.

ಎದುರಿನ ಬೇಕರಿಯಣ್ಣನ ವಿಷಯಕ್ಕೆ ಬರುತ್ತೇನೆ. ಮೈದಾ ಮೂಟೆಯನ್ನು ಒಂದೇ ಕೈಯಲ್ಲಿ ಎತ್ತುವ ಆಳು. ಅವನಿಗೊಬ್ಬಳೇ ಮಗಳು. ಹುಟ್ಟಿದಾಗ ಉಬ್ಬಿದ ಕೆನ್ನೆ ನೋಡಿ ಬನ್ನು ಅಂತ ಕರೆದದ್ದು ಹಾಗೇ ನಿಂತಿತು. ಎರಡು ವರ್ಷದ ಹಿಂದೆ ಅವಳು ಬೇಕರಿಯ ಅಟ್ಟದ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ದಿನ ಡಾಕ್ಟರು, ಇನ್ನು ಓಡಲಿ, ಕುಣಿಯಲಿ, ಏನೂ ತೊಂದರೆಯಿಲ್ಲ ಅಂದರು. ಮೂಳೆ ಕೂಡಿತು, ಅಪ್ಪನ ಎದೆ ಮಾತ್ರ ಕೂಡಲಿಲ್ಲ. ಬೇಕರಿಯ ಮೂರು ಮೆಟ್ಟಿಲು ಇಳಿಯುವುದಕ್ಕೂ ಅವನು ಮಗಳ ಕೈ ಹಿಡಿಯಬೇಕು. ಹೆಂಡತಿ ಹೇಳಿ ಹೇಳಿ ಸೋತು ಸುಮ್ಮನಾಗಿದ್ದಳು. ಬೆಟ್ಟಕ್ಕೆ ಹೊರಟ ಮಕ್ಕಳನ್ನು ಬನ್ನು ಬೇಕರಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಒಂದು ದಿನ ಅವಳೇ ಬೀದಿ ದಾಟಿ ಬಂದು ಗೋಡೆಯ ಕಂದು ಬೂಟಿಗೆ ಕಾಲಿಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತಿತು.

“ತಗೊಂಡು ಹೋಗು, ಅಪ್ಪಂಗೆ ತೋರ್ಸು. ಬೆಟ್ಟಕ್ಕೆ ಬೇಗ ಹೋಗ್ಬಿಟ್ಟು ಬಾ, ಚಳಿ ಕಳೆಯೋ ಹೊತ್ತಿಗೆ ಇದು ನಿಂಗೆ ಆಗಲ್ಲ” ಅಂದಳು ಅತ್ತಿಗೆ.

ಸೋಮವಾರ ಬೇಕರಿಯಣ್ಣ ಬೂಟನ್ನು ಕಾಗದದಲ್ಲಿ ಸುತ್ತಿ ತಂದ. ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿತ್ತು. ಅತ್ತಿಗೆ ತಿರುಗಿಸಿ ನೋಡಿ ಅವನ ಕಡೆಗೇ ತಳ್ಳಿದಳು.

“ಬೋರ್ಡು ಓದಿಲ್ವಾ ಅಣ್ಣ?”

“ಮಗೂಗೆ ಹುಷಾರಿರ್ಲಿಲ್ಲ ಅಕ್ಕ.”

“ಮಗೂಗೋ, ನಿಮಗೋ?”

ಅವನು ಕಕ್ಕಾಬಿಕ್ಕಿಯಾಗಿ ಬೂಟು ಎತ್ತಿಕೊಂಡು ಹೋದ. ಮುಂದಿನ ಸೋಮವಾರ ಮತ್ತೆ ಬಂದ. ಈ ಸಲ ಅಟ್ಟೆಯ ತುಂಬ ಕಪ್ಪು ಕೆಸರು, ಹಿಮ್ಮಡಿಯ ಮೇಲೆ ಕೆಂಪು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುವ ಹಾಗೆ ಕಣ್ಣು ಮಾತ್ರ ನನ್ನ ಮಷಿನ್ನಿನ ಮೇಲಿತ್ತು. ಅತ್ತಿಗೆ ಕೆಂಪಿನ ಮೇಲೆ ಬೆರಳಾಡಿಸಿದಳು. ಒಣ ಪುಡಿ, ಊದಿದರೆ ಹಾರಿತು.

“ಹೊಸ ಒಲೆ ಕಟ್ಟಿಸ್ತಿದ್ದೀರಲ್ಲ, ಇಟ್ಟಿಗೆ ಮಿಕ್ಕಿತ್ತಾ?” ಅಂದಳು.

ನನಗೆ ನಗು ತಡೆಯಲಾಗದೆ ಸೂಜಿ ಬೆರಳಿಗೇ ಚುಚ್ಚಿತು. ಅತ್ತಿಗೆ ನಗಲಿಲ್ಲ. ಯಾಕೆಂದರೆ ಅವನ ಹಿಂದಿನಿಂದ ಬನ್ನು ಇಣುಕಿ, “ಬಿಡಿ ಬೂಟತ್ತೆ. ನಂಗೆ ಬೆಟ್ಟ ಇಷ್ಟಾನೇ ಇಲ್ಲ. ನನ್ನ ಕಾಲು ಸರಿ ಇಲ್ವಲ್ಲ” ಅಂದಳು.

ನನ್ನ ನಗು ಅಲ್ಲೇ ಇಂಗಿತು. ಅತ್ತಿಗೆಯ ಮುಖ ಕೆಂಪೇರಿತು.

“ಕಾಲು ಸರಿ ಇಲ್ಲ ಅಂತ ಯಾರು ಹೇಳಿದ್ದು ನಿಂಗೆ? ಡಾಕ್ಟ್ರಾ?”

ಹುಡುಗಿ ಅಪ್ಪನ ಮುಖ ನೋಡಿದಳು.

“ಕೇಳಿಸ್ತಾ ಅಣ್ಣ? ಏಣಿ ಅವಳ ಕಾಲನ್ನ ಒಂದೇ ಸಲ ಮುರೀತು. ನೀವು ದಿನಾ ಮುರೀತಿದ್ದೀರ. ನನಗೆ ಬೂಟು ಬೇಕಾಗಿಲ್ಲ, ಬೇಕಾದ್ರೆ ಒಲೆಗೆ ಹಾಕ್ಕೊಳ್ಳಿ!”

ಆ ಗಟ್ಟಿ ಆಳು ಗಿರಾಕಿಗಳ ಸ್ಟೂಲಿನ ಮೇಲೆ ಕುಸಿದು ಕೂತ. “ಅವಳು ಬಿದ್ದಾಗ ಆದ ಸದ್ದು ಇವತ್ತಿಗೂ ಕಿವೀಲಿದೆ ಅಕ್ಕ. ನನಗೆ ಹೆದ್ರಿಕೆ. ಬೇರೆ ಏನೂ ಇಲ್ಲ, ಬರೀ ಹೆದ್ರಿಕೆ” ಅಂದ. ಕಣ್ಣು ತುಂಬಿತ್ತು.

ಅತ್ತಿಗೆ ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ. ಒಳಗೆ ಹೋಗಿ, ಇದ್ದುದರಲ್ಲೇ ಅತಿ ದೊಡ್ಡ ಬೂಟಿನ ಜೊತೆಯನ್ನು ತಂದು ಅವನ ಮುಂದೆ ಧೊಪ್ಪನೆ ಇಟ್ಟಳು. “ಹೆದ್ರಿಕೆ ಇದ್ರೆ ಅದನ್ನೂ ಕರ್ಕೊಂಡು ಹೋಗಿ. ಭಾನುವಾರ, ಇಬ್ಬರೂ.”

ಆ ಭಾನುವಾರ ಬೇಕರಿ ಬಾಗಿಲು ಮುಚ್ಚಿತ್ತು. ಬೀದಿಯವರೆಲ್ಲ ಬ್ರೆಡ್ಡಿಲ್ಲದೆ ಗೊಣಗಿದರು. ನಾಲ್ಕಾರು ಮನೆಯವರ ಗುಂಪಿನ ಕೊನೆಯಲ್ಲಿ ಅಪ್ಪ ಮಗಳು ಕಾಡು ಹೊಕ್ಕಿದ್ದನ್ನು ನಾನು ಕಿಟಕಿಯಿಂದ ನೋಡಿದೆ.

“ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಊರೋರು ನಿನ್ನ ಸುಮ್ನೆ ಬಿಡ್ತಾರಾ?” ಅಂತ ಕೇಳಿದೆ.

“ಆಗಲ್ಲ ಬಿಡೇ” ಅಂದಳು. ಬಾಯಲ್ಲಿ ಹಾಗಂದರೂ, ಬಡಿದ ಮೊಳೆಯನ್ನೇ ಮತ್ತೆ ಬಡಿಯುತ್ತಿದ್ದಳು. ಒಳಗಿನಿಂದ ಅಣ್ಣ, “ಅಟ್ಟೆ ಸತ್ತೋಯ್ತು, ಬಿಡು ಇನ್ನ” ಅಂದ. ಆ ವಾರ ಅವನಾಡಿದ ಒಂದೇ ಮಾತು ಅದು.

ಸಂಜೆ ಮೊದಲು ಬಂದವನು ಬೇಕರಿಯಣ್ಣ. ಒಬ್ಬನೇ! ಏದುಸಿರು ಬಿಡುತ್ತ ನಮ್ಮ ಮೆಟ್ಟಿಲ ಮೇಲೆ ಕೂತು ಕಾಲು ಚಾಚಿದ. ನಾನು ಅಟ್ಟೆ ನೋಡಿದೆ. ಬರೀ ಕಪ್ಪು. ಕೆಂಪಿನ ಸುಳಿವೇ ಇಲ್ಲ. ಅರ್ಧ ದಾರಿಯಿಂದಲೇ ವಾಪಸ್ ಬಂದರು, ಮುಗೀತು, ಇನ್ನು ಈ ಹುಡುಗಿ ಜನ್ಮದಲ್ಲಿ ಬೂಟು ಮುಟ್ಟುವುದಿಲ್ಲ ಅಂದುಕೊಂಡೆ.

“ಬನ್ನು ಎಲ್ಲಿ?” ಅಂದಳು ಅತ್ತಿಗೆ.

ಅವನು ಹಿಂದಕ್ಕೆ ಕೈ ತೋರಿಸಿದ. ಮಕ್ಕಳ ಹಿಂಡಿನ ನಡುವಿನಿಂದ ಬನ್ನು ಓಡಿಬಂದು, ಅಂಗಡಿ ಬಾಗಿಲಲ್ಲಿ ಒಂಟಿ ಕಾಲಲ್ಲಿ ನಿಂತು, ಮುರಿದು ಕೂಡಿದ ಆ ಕಾಲನ್ನೇ ಎತ್ತಿ ತೋರಿಸಿದಳು. ಅಟ್ಟೆಯ ಮಧ್ಯೆ ಕಪ್ಪು, ಸುತ್ತ ಅಂಚಿಗೆಲ್ಲ ಒದ್ದೆ ಕೆಂಪು.

“ಒರತೆ ನೀರು ಐಸ್ ತರ ಇತ್ತು ಬೂಟತ್ತೆ! ಎರಡು ಸಲ ಕುಡಿದೆ! ಅಪ್ಪಂಗೂ ಬಾಟ್ಲಲ್ಲಿ ತಂದೆ!”

“ಮತ್ತೆ ನಿಮ್ಮಪ್ಪ?”

ಬೇಕರಿಯಣ್ಣ ತಲೆ ತಗ್ಗಿಸಿಯೇ ಹೇಳಿದ, “ಕೊನೇ ಏರು ಇದ್ಯಲ್ಲ ಅಕ್ಕ, ಅಲ್ಲಿ ಪ್ರತಿ ಹೆಜ್ಜೆಗೂ ಹುಷಾರು, ಹುಷಾರು ಅಂತಿದ್ದೆ. ಇವಳು ನಿಂತ್ಲು. ‘ಅಪ್ಪ, ನೀನು ನೋಡ್ತಿದ್ರೆ ನಂಗೆ ಭಯ ಆಗುತ್ತೆ, ನೀನಿಲ್ಲೇ ಕೂತ್ಕೋ’ ಅಂದ್ಲು. ಕೂತೆ. ಮರದ ಕಡೆ ಮುಖ ಮಾಡ್ಕೊಂಡು ಕೂತೆ. ಇವಳು ಬಂದು ಬೆನ್ನು ತಟ್ಟೋವರೆಗೂ ತಿರುಗಿ ನೋಡ್ಲಿಲ್ಲ ಅಕ್ಕ. ಒಂದ್ಸಲಾನೂ ನೋಡ್ಲಿಲ್ಲ.”

ಮಷಿನ್ನಿನ ಮೇಲಿದ್ದ ಯಾರದೋ ಲಂಗದಲ್ಲೇ ನಾನು ಕಣ್ಣೊರೆಸಿಕೊಂಡೆ.

ಅತ್ತಿಗೆ ಬನ್ನುವಿನ ಬೂಟು ಬಿಚ್ಚಿಸಿಕೊಂಡು, ಕೆಂಪು ಮಣ್ಣನ್ನು ಒಂದಿಷ್ಟೂ ಬಿಡದೆ ಪಾತಿಗೆ ಉದುರಿಸಿ, ಬೂಟನ್ನು ಗೋಡೆಗೆ ಸೇರಿಸಿದಳು. ಬೇಕರಿಯಣ್ಣನೂ ಲೇಸು ಬಿಚ್ಚಿ ತನ್ನ ಬೂಟನ್ನು ಮುಂದೆ ಇಟ್ಟ. ಅವಳು ಬಗ್ಗಿ, ಎರಡೂ ಅಟ್ಟೆ ತಿರುಗಿಸಿ ನೋಡಿ, ಅವನ ಮಡಿಲಿಗೇ ವಾಪಸ್ ಇಟ್ಟಳು.

“ಇದು ವಾಪಸ್ಸಿಲ್ಲ ಅಣ್ಣ. ಬರೀ ಕಪ್ಪಿದೆ.”

ಅವನು ನನ್ನ ಮುಖ ನೋಡಿದ. ನಾನು ಬೋರ್ಡಿನ ಕಡೆ ಬೆರಳು ತೋರಿಸಿದೆ.

“ಏಳಪ್ಪ” ಅಂತ ಬನ್ನು ಅವನ ಕೈ ಹಿಡಿದು ಎಬ್ಬಿಸಿದಳು. “ಮುಂದಿನ ಭಾನುವಾರ ನಾನೇ ಕರ್ಕೊಂಡು ಹೋಗ್ತೀನಿ. ಆ ಏರಲ್ಲಿ ಬೇಕಾದ್ರೆ ನಾನು ಆಕಡೆ ತಿರುಗ್ಕೊಂಡು ಕೂತಿರ್ತೀನಿ, ನೀನು ಆರಾಮಾಗಿ ಹತ್ತು.” ಅಪ್ಪ ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಅವಳ ಜೊತೆ ಬೀದಿ ದಾಟಿದ. ಬೇಕರಿಯ ಮೂರು ಮೆಟ್ಟಿಲನ್ನು ಅವಳೇ ಮುಂದಾಗಿ ಹತ್ತಿದಳು.